ಸೆಟ್ ಮೇಷ್ಟರ ಸೆಟ್ಟು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ವಾಸವಾಗಿರುವ ನಿವೃತ್ತ ಇಂಗ್ಲಿಷ್ ಮೇಷ್ಟರು ಸಿದ್ದಗಂಗಯ್ಯನವರ ಬಾಯಲ್ಲಿ ಹೆಸರಿಗೂ ಒಂದು ಹಲ್ಲಿಲ್ಲ ಎಂಬ ಸಂಗತಿ ಎರಡು ತಿಂಗಳಿಂದ ಮೂವರಿಗೆ ಮಾತ್ರ ಗೊತ್ತಿತ್ತು: ಹಲ್ಲು ಕಿತ್ತ ಡಾಕ್ಟರಿಗೆ, ಅವರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೋಮಲಾಗೆ, ಮತ್ತು ಸ್ವತಃ ಸಿದ್ದಗಂಗಯ್ಯನವರಿಗೆ. ಇಷ್ಟು ದೊಡ್ಡ ಗುಟ್ಟನ್ನು ಇಷ್ಟು ದಿನ ಕಾಪಾಡಿದ್ದಕ್ಕೆ ಯಾರಾದರೂ ಅವರಿಗೆ ಶಾಲು ಹೊದಿಸಬೇಕಿತ್ತು. ಗುಟ್ಟಾದ್ದರಿಂದ ಯಾರೂ ಹೊದಿಸಲಿಲ್ಲ.

ಗುಟ್ಟಿಗೆ ಕಾರಣ ಕಡಬದ ಭಾಮೈದ ಶಿವಮೂರ್ತಿ. ಐದು ವರ್ಷದ ಹಿಂದೆ ಅವನು ತೋಟದ ಬದುವಿನ ಮೇಲೆ ಜಾರಿ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡು, ಹೊಸದು ಕಟ್ಟಿಸಿಕೊಂಡು ಬಂದಿದ್ದ. ಅಂದಿನಿಂದ ಯಾವ ಮದುವೆಮನೆ ಪಂಕ್ತಿಯಲ್ಲಿ ಸಿಕ್ಕಿದರೂ ಸಿದ್ದಗಂಗಯ್ಯನವರು, “ಏನಯ್ಯ ಶಿವಮೂರ್ತಿ, ಬಾಯಲ್ಲಿರೋ ಬಾಡಿಗೆದಾರರು ಚೆನ್ನಾಗವ್ರಾ?” ಎಂದು ನಾಲ್ಕು ಎಲೆ ಆಚೆಯವರಿಗೂ ಕೇಳುವಂತೆ ವಿಚಾರಿಸುತ್ತಿದ್ದರು. ಆಮೇಲೆ ಕೊಬ್ಬರಿ ಚೂರೊಂದನ್ನು ಬಾಯಿಗೆ ಹಾಕಿ ಕಟಕಟ ಕಡಿದು, “ನಮ್ದು ಸ್ವಂತದ್ದಪ್ಪ, ಖಾತೆ ನನ್ನ ಹೆಸರಲ್ಲೇ ಇದೆ” ಎಂದು ನಗುತ್ತಿದ್ದರು. ಹೀಗೆ ಐದು ವರ್ಷ ನಕ್ಕ ಮನುಷ್ಯನಿಗೆ, ತನ್ನದೇ ಹಲ್ಲೆಲ್ಲ ಅಲ್ಲಾಡಿ ಕೀಳಿಸಬೇಕಾಗಿ ಬಂದಾಗ, ಅದನ್ನು ಊರಿಗೆ ಸಾರುವ ಧೈರ್ಯ ಎಲ್ಲಿಂದ ಬರಬೇಕು!

ದೇವರು ಒಂದು ಕಡೆ ಕೈಬಿಟ್ಟರೂ ಇನ್ನೊಂದು ಕಡೆ ಕೈ ಹಿಡಿದಿದ್ದ. ಹೆಂಡತಿ ಗಂಗಲಕ್ಷ್ಮಮ್ಮ ಸೊಂಟ ಮುರಿದುಕೊಂಡ ತಂಗಿಯ ಆರೈಕೆಗೆಂದು ಕುಣಿಗಲ್ಲಿಗೆ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಉಳಿದವನು ಸರ್ವೇ ಆಫೀಸಿನಲ್ಲಿ ಕೆಲಸ ಮಾಡುವ ಮಗ ರವಿಕಿರಣ್. ಅವನು ಊಟ ಮುಗಿಸಿದ ಕೂಡಲೇ “ಕೆಳಗೆ ಸಿಗ್ನಲ್ ಸಿಗಲ್ಲ” ಎಂದು ಫೋನ್ ಹಿಡಿದು ತಾರಸಿಗೆ ಹೋಗುತ್ತಿದ್ದ. ಅಪ್ಪನ ಮುಖ ನೋಡುವ ಪುರಸೊತ್ತೇ ಅವನಿಗಿರಲಿಲ್ಲ. ನೋಡಿದರೂ ಮುಖದ ಮೇಲೆ ಮಾಸ್ಕ್ ಇತ್ತು, “ರೋಡಿನ ಧೂಳಿಗೆ ಅಲರ್ಜಿ” ಎಂಬ ಉತ್ತರ ತಯಾರಿತ್ತು. ಇನ್ನು ಊಟದ ವಿಷಯಕ್ಕೆ ಬಂದರೆ, ಮುದ್ದೆ ನುಂಗುವ ಸೀಮೆಯಲ್ಲಿ ಹುಟ್ಟಿದವನಿಗೆ ಹಲ್ಲಿದ್ದರೇನು, ಇಲ್ಲದಿದ್ದರೇನು? ಎರಡು ತಿಂಗಳು ಸಿದ್ದಗಂಗಯ್ಯನವರು ಎರಡು ಹೊತ್ತೂ ಮುದ್ದೆ ನುಂಗಿದರು, ಮಗ ಅಪ್ಪನಿಗೆ ಆರೋಗ್ಯದ ಮೇಲೆ ಆಸೆ ಬಂದಿದೆ ಎಂದುಕೊಂಡ.

ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಚೇಳೂರಿನಿಂದ ಫೋನು ಬಂತು. ಸಿದ್ದಗಂಗಯ್ಯನವರು ಮೂವತ್ತು ವರ್ಷ ಪಾಠ ಮಾಡಿದ ಹೈಸ್ಕೂಲು ಅಲ್ಲಿನದು. ಫೋನು ಮಾಡಿದವನು ಹಳೇ ವಿದ್ಯಾರ್ಥಿ ಮುತ್ತುರಾಜ್, ಈಗ ಅಲ್ಲೇ ಗೊಬ್ಬರದ ಅಂಗಡಿ ಇಟ್ಟುಕೊಂಡವನು. “ಸಾರ್, ಭಾನುವಾರ ನಮ್ಮ ಬ್ಯಾಚಿಂದ ನಿಮ್ಗೆ ಗುರುವಂದನೆ. ಭಾಷಣ ಗೀಷಣ ಬ್ಯಾಡ. ನೀವು ಆ ಸೆಟ್ ಪಾಠ ಇನ್ನೊಂದ್ಸಲ ಮಾಡ್ಬೇಕು.”

ಸೆಟ್ ಪಾಠ ಎಂದರೆ ಗುಬ್ಬಿ ತಾಲ್ಲೂಕಿನಲ್ಲೆಲ್ಲ ಹೆಸರಾದದ್ದು. ಇಂಗ್ಲಿಷಿನ ಆ ಒಂದು ಪುಟ್ಟ ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ಅವರು ಒಂದು ಪೀರಿಯಡ್ಡು ಪೂರ್ತಿ ಕುಣಿದು ಹೇಳುತ್ತಿದ್ದರು. ಸೂರ್ಯ ಮುಳುಗಿದರೂ ಸೆಟ್, ಮುರಿದ ಮೂಳೆ ಕೂಡಿಸಿದರೂ ಸೆಟ್. ಇಲಿಗೆ ಬೋನು ಒಡ್ಡಿದರೂ ಸೆಟ್, ಮಕ್ಕಳಿಗೆ ಪ್ರಶ್ನೆಪತ್ರಿಕೆ ತೆಗೆದರೂ ಸೆಟ್. ಗಡಿಯಾರಕ್ಕೆ ಅಲಾರಂ ಇಟ್ಟರೂ ಸೆಟ್, ಮೊಸರು ಹೆಪ್ಪುಗಟ್ಟಿದರೂ ಸೆಟ್. ಮಕ್ಕಳು ಉಳಿದ ಇಂಗ್ಲಿಷನ್ನೆಲ್ಲ ಮರೆತು ಇದೊಂದನ್ನು ಇಟ್ಟುಕೊಂಡು, ಅವರಿಗೆ ಸೆಟ್ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

ಈಗ ಬಂದ ತೊಡಕು ಸಣ್ಣದಲ್ಲ. ಹಲ್ಲಿಲ್ಲದ ಬಾಯಿಯಿಂದ ಎಲ್ಲ ಅಕ್ಷರವೂ ಹೇಗೋ ಹೊರಡುತ್ತಿತ್ತು, ಸಕಾರ ಒಂದು ಬಿಟ್ಟು. ಬೆಳಗ್ಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರೆ “ಶೆಟ್, ಶೆಟ್” ಎಂದೇ ಬರುತ್ತಿತ್ತು. ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಶಕುಂತಲಮ್ಮ ಕಿಟಕಿಯಿಂದ ಬಗ್ಗಿ, “ಯಾವ ಶೆಟ್ರು ಬಂದವ್ರೆ ಮೇಷ್ಟ್ರೇ ಇಷ್ಟೊತ್ತಿಗೆ?” ಎಂದು ಕೇಳಿದ್ದೂ ಉಂಟು. ಮೂವತ್ತು ವರ್ಷ ಮರ್ಯಾದೆ ತಂದುಕೊಟ್ಟ ಪದ ಮುನ್ನೂರು ಜನರ ಮುಂದೆ ಬಾಯಿಂದ ಶೆಟ್ಟಾಗಿ ಬಿದ್ದರೆ ಗತಿಯೇನು? ಅವರ ಆಸೆಯೆಲ್ಲ ಕ್ಲಿನಿಕ್ಕಿನಲ್ಲಿ ತಯಾರಾಗುತ್ತಿದ್ದ ಹಲ್ಲಿನ ಸೆಟ್ಟಿನ ಮೇಲೆ ನಿಂತಿತ್ತು.

ಗುರುವಾರ ಸಾಯಂಕಾಲ ಕೋಮಲಾಳ ವಾಟ್ಸಪ್ ಮೆಸೇಜು ಬಂತು: “ಸರ್, ನಿಮ್ಮ ಸೆಟ್ ರೆಡಿ. ಮೇಲಿಂದು ಕೆಳಗಿಂದು ಎರಡೂ. ಶನಿವಾರ ಬನ್ನಿ, ಕೂರಿಸಿ ನೋಡೋಣ.”

ಸಿದ್ದಗಂಗಯ್ಯನವರು ಅದನ್ನು ಮೂರು ಸಲ ಓದಿ ಕಣ್ಣಿಗೊತ್ತಿಕೊಂಡರು. ಆಮೇಲೆ ಗುಟ್ಟು ನೆನಪಾಗಿ, ಅಳಿಸಿಬಿಡೋಣವೆಂದು ಮೆಸೇಜನ್ನು ಒತ್ತಿ ಹಿಡಿದರು. ಮೇಲೆ ಏನೇನೋ ಚಿತ್ರ ಬಂದವು. ಅದರಲ್ಲೊಂದು ಆಚೆಗೆ ತಿರುಗಿದ ಬಾಣ. ಆಚೆ ಹೋಗು ಎಂದರೆ ಅಳಿಸಿ ಹೋಗು ಎಂದೇ ಇರಬೇಕು ಎಂದು ಅದನ್ನು ಒತ್ತಿದರು. ಮೆಸೇಜು ನಿಜವಾಗಿಯೂ ಆಚೆ ಹೋಯಿತು. ‘ನಮ್ಮೋರು’ ಎಂಬ ಮನೆಯವರ ಗ್ರೂಪಿಗೆ.

ಅಯ್ಯೋ ಎಂದು ಹಣೆ ಚಚ್ಚಿಕೊಂಡರು. ಆದರೂ ಧೈರ್ಯ ಮಾಡಿ ಮತ್ತೆ ಒತ್ತಿ ಹಿಡಿದರು. ಫೋನು ಬಹಳ ಮರ್ಯಾದೆಯಿಂದ ಕೇಳಿತು: ಎಲ್ಲರಿಗೂ ಅಳಿಸಬೇಕೋ, ನಿಮಗೆ ಮಾತ್ರವೋ? ಬೇರೆಯವರ ಫೋನಿಗೆ ನಾವು ಕೈ ಹಾಕುವುದು ಸಭ್ಯತೆಯಲ್ಲ ಎಂದು ಯೋಚಿಸಿ, ನನಗೆ ಮಾತ್ರ ಎಂಬುದನ್ನು ಒತ್ತಿದರು. ಮೆಸೇಜು ಮಾಯವಾಯಿತು. ಅಪಾಯ ತಪ್ಪಿತೆಂದು ಒಂದು ಲೋಟ ನೀರು ಕುಡಿದರು.

ನೀರು ಕುಡಿದು ಬರುವಷ್ಟರಲ್ಲಿ ಗ್ರೂಪಿನಲ್ಲಿ ಜಾತ್ರೆ. ಹೆಂಡತಿ ಕೈಮುಗಿದ ಚಿತ್ರ ಹನ್ನೊಂದು ಹಾಕಿದ್ದರು. ಶಿವಮೂರ್ತಿ “ಸೂಪರ್ ಭಾವ!! ಮಾತು ಉಳಿಸ್ಕೊಂಡ್ರಿ” ಎಂದಿದ್ದ. ಗುಬ್ಬಿಯ ಅಕ್ಕ ನರಸಮ್ಮ “ಬಾಳ ಸಂತೋಷ ಆಯ್ತು ಕಣ್ಲಾ ಸಿದ್ದಗಂಗ, ಶನಿವಾರ ನಾನೇ ಬರ್ತೀನಿ” ಎಂದು ದನಿ ಕಳಿಸಿದ್ದರು. ಚೇಳೂರಿನ ಗುರುವಂದನೆಯ ಸುದ್ದಿ ಎಲ್ಲರಿಗೂ ಮುಟ್ಟಿದೆ ಎಂದು ಸಿದ್ದಗಂಗಯ್ಯನವರು ಉಬ್ಬಿಹೋದರು. “ಎಲ್ಲಾ ನಿಮ್ಮ ಆಶೀರ್ವಾದ” ಎಂದು ಬರೆದು ಸಹಿ ಹಾಕಿದಂತೆ ತಮ್ಮ ಹೆಸರನ್ನೂ ಬರೆದರು.

ಅವರಿಗೆ ನೆನಪಿಲ್ಲದ ವಿಷಯವೊಂದಿತ್ತು. ಮಾತು ಕೊಡುವುದರಲ್ಲಿ ಅವರದು ಧಾರಾಳ ಕೈ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಒಂದು ಚಿನ್ನದ ಸೆಟ್ ಮಾಡಿಸುವ ಮಾತು ಕೊಟ್ಟಿದ್ದರು. ಹೋದ ಯುಗಾದಿಯಲ್ಲಿ ಹೋಳಿಗೆ ತಿಂದ ಖುಷಿಗೆ ಶಿವಮೂರ್ತಿಗೆ, “ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಒಂದೊಂದು ಪಂಪ್‌ಸೆಟ್ ನಂದು” ಎಂದಿದ್ದರು. ಇನ್ನು ನರಸಮ್ಮ ಮೂರು ವರ್ಷದಿಂದ ರವಿಕಿರಣನ ಮದುವೆ ಎಲ್ಲಾದರೂ ಸೆಟ್ ಆಯಿತೇ ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದವರು. ಮಹಡಿ ಮನೆಯಲ್ಲಿ ಶಕುಂತಲಮ್ಮನ ಲಕ್ಷಣವಾದ ಮಗಳು, ಕೆಳಗಿನ ಮನೆಯಲ್ಲಿ ಹುಡುಗ, ಎರಡೂ ರೆಡಿ, ಶನಿವಾರ ಕೂರಿಸಿ ನೋಡೋಣ ಎಂದರೆ ಇನ್ನೇನು ಅರ್ಥ! ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟರಿಗಿಂತ ಮೂವರು ನೆಂಟರು ಆ ಪದವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ದೀಪ ಹಚ್ಚುವ ಹೊತ್ತಿಗೆ ಕುಣಿಗಲ್ಲಿನಿಂದ ಹೆಂಡತಿಯ ಫೋನು.

“ಏನ್ರೀ, ನಿಜವಾಗ್ಲೂವಾ?”

“ನಿಜ ಕಣೇ. ದೊಡ್ಡ ಹಾರ ಹಾಕ್ತಾರಂತೆ.”

“ಹಾರನೂ ಇದೆಯಾ!” ಎಂದು ಗಂಗಲಕ್ಷ್ಮಮ್ಮನವರು ಕೂಗಿದರು. “ಬರೀ ಹಾರನಾ?”

“ಕರೆಯೋಲೆನೂ ಬಂದಿದೆ.”

“ಓಲೆನೂವಾ! ಎಂಥದ್ರೀ?”

“ಮುತ್ತುಂದು ಕಣೇ.” ಮುತ್ತುರಾಜನನ್ನು ಅವರು ಹಿಂದಿನಿಂದಲೂ ಮುತ್ತು ಎಂದೇ ಕರೆಯುತ್ತಿದ್ದರು.

ಆ ಕಡೆಯಿಂದ ಮೂಗು ಸೀಟುವ ಸದ್ದು ಬಂತು. “ಬರೀ ಬಾಯಿಮಾತಿನ ಗಂಡ ಅಂತ ನಿಮ್ಮನ್ನ ಎಷ್ಟು ಬೈಕೊಂಡಿದ್ನಲ್ರೀ. ನನ್ನ ಬಾಯಿಗೆ ಮಣ್ಣಾಕ. ಶನಿವಾರ ಬೆಳಗ್ಗೆ ಬಸ್ಸಿಗೇ ಹೊರಟ್ಬರ್ತೀನಿ. ನಿಮ್ ದನಿ ಯಾಕೋ ಒಂಥರಾ ಇದೆ?”

“ಶಿಗ್ನಲ್ ಶರಿ ಇಲ್ಲ” ಎಂದು ಫೋನಿಟ್ಟರು. ಹೆಂಡತಿಗೆ ತಮ್ಮ ಪಾಠದ ಮೇಲೆ ಇಷ್ಟು ಗೌರವವಿದೆ ಎಂದು ಮೂವತ್ತೈದು ವರ್ಷದ ಸಂಸಾರದಲ್ಲಿ ಅವರಿಗೆ ಅಂದೇ ತಿಳಿದದ್ದು. ಕಣ್ಣು ತೇವವಾದವು.

ಮರುದಿನ ಶಿವಮೂರ್ತಿಯದು. “ಭಾವ, ಮೂರಾ ಐದಾ?” ಅವನು ಕೇಳಿದ್ದು ಮೋಟರಿನ ಎಚ್.ಪಿ.

“ಮೂರಕ್ಕೆ ಶುರು ಕಣಯ್ಯ, ಐದರ ತನಕ ಎಳೀತೀನಿ.”

“ಮೇಲಕ್ಕೆ ಮೂರು, ಕೆಳಕ್ಕೆ ಐದು! ಭಾವ, ನೀವು ಮನುಷ್ಯರಲ್ಲ ಬುಡಿ. ಜೊತೆಗೆ ಚಿಕ್ಕಮಾರಯ್ಯನ್ನೂ ಕರ್ಕೊಂಡ್ ಬರ್ತೀನಿ.” ಚಿಕ್ಕಮಾರಯ್ಯ ಕಡಬದ ಮೋಟರ್ ರಿಪೇರಿಯವನು.

“ಕರ್ಕೊಂಡ್ ಬಾ, ಜನ ಇದ್ದಷ್ಟೂ ಚೆಂದ.”

ಇತ್ತ ನರಸಮ್ಮ ನೇರವಾಗಿ ಮಹಡಿ ಮನೆ ಶಕುಂತಲಮ್ಮನಿಗೇ ಫೋನು ಮಾಡಿ, “ನಿಮ್ಮುಡುಗಿ ಸೆಟ್ ಆಯ್ತಂತಲ್ಲ, ಶನಿವಾರ ಬರ್ತಾ ಇದೀನಿ” ಎಂದಿದ್ದರು. ಶಕುಂತಲಮ್ಮನ ಮಗಳು ನೇತ್ರಾವತಿ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್. ಕೆಲಸ ಕಾಯಂ ಆಗಲೆಂದು ಕೆ-ಸೆಟ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದವಳು. “ಅಯ್ಯೋ, ರಿಸಲ್ಟು ಬಂದ್ಬುಡ್ತಾ! ನಿಮ್ ಬಾಯಿಗೆ ಸಕ್ಕರೆ ಹಾಕ” ಎಂದು ಶಕುಂತಲಮ್ಮ ಶಾವಿಗೆ ತರಲು ಅಂಗಡಿಗೆ ಓಡಿದರು.

ಶನಿವಾರ ಹನ್ನೊಂದಕ್ಕೆ ಡಾಕ್ಟರು ಸಿದ್ದಗಂಗಯ್ಯನವರ ಬಾಯಲ್ಲಿ ಮೇಲಿನದು, ಕೆಳಗಿನದು ಎರಡನ್ನೂ ಕೂರಿಸಿ, “ಎಲ್ಲಿ, ಸಾಸಿವೆ ಅನ್ನಿ” ಎಂದರು. ಸಾಸಿವೆ ಸಾಸಿವೆಯಾಗಿಯೇ ಬಂತು. ಮೇಷ್ಟರು ಕನ್ನಡಿಯಲ್ಲಿ ನೋಡಿಕೊಂಡು “ಸೆಟ್” ಎಂದರು. ಎರಡು ತಿಂಗಳ ಮೇಲೆ ಆ ಸಕಾರ ಕೇಳಿ ಅವರಿಗೆ ಅಳುವೇ ಬಂತು. “ಸರ್, ಒಂದೆರಡು ದಿನ ವಸಡು ನೋಯುತ್ತೆ, ನೋವಾದ್ರೆ ತೆಗೆದು ಡಬ್ಬಿಲಿಡಿ” ಎಂದು ಕೋಮಲಾ ಪ್ಲಾಸ್ಟಿಕ್ ಡಬ್ಬಿ ಕೊಡಬಂದಳು. ಅದರ ಮೇಲೆ ಹಲ್ಲಿನ ಚಿತ್ರವಿತ್ತು. ಸಿದ್ದಗಂಗಯ್ಯನವರು ಅಷ್ಟು ದಡ್ಡರಲ್ಲ. ಹೆಂಡತಿಯ ಬೀರುವಿನಿಂದ ಕೆಂಪು ಮಕಮಲ್ಲಿನ ಖಾಲಿ ಒಡವೆ ಡಬ್ಬಿಯನ್ನು ಮೊದಲೇ ತಂದಿದ್ದರು. ಆಟೋ ಎರಡು ಗುಂಡಿ ಹಾರಿ ಇಳಿಯುವಷ್ಟರಲ್ಲಿ ವಸಡು ಉರಿಯತೊಡಗಿ, ಹಲ್ಲು ತೆಗೆದು ಆ ಡಬ್ಬಿಯಲ್ಲಿಟ್ಟು, ಮಾಸ್ಕ್ ಏರಿಸಿಕೊಂಡರು.

ಮನೆ ಮುಂದೆ ಲಗೇಜ್ ಆಟೋ ನಿಂತಿತ್ತು. ಅದರಲ್ಲಿ ಹಗ್ಗ, ಪೈಪು, ದೊಡ್ಡ ಸ್ಪ್ಯಾನರು ಹಿಡಿದ ಚಿಕ್ಕಮಾರಯ್ಯ. ಜಗಲಿಯಲ್ಲಿ ಶಿವಮೂರ್ತಿ. ನಡುಮನೆಯಲ್ಲಿ ಹೂವು, ಹಣ್ಣು, ಎಲೆ ಅಡಿಕೆ ಜೋಡಿಸುತ್ತಾ ನರಸಮ್ಮ. ರೇಷ್ಮೆ ಸೀರೆಯಲ್ಲಿ ಗಂಗಲಕ್ಷ್ಮಮ್ಮ. ಪಾಯಸದ ಪಾತ್ರೆ ಹಿಡಿದ ಶಕುಂತಲಮ್ಮ.

“ಸೆಟ್ ಎಲ್ಲಿ?” ಎಂದು ಮೂರು ಕಡೆಯಿಂದ ಒಂದೇ ಸಲ ಪ್ರಶ್ನೆ ಬಂತು.

ಸಿದ್ದಗಂಗಯ್ಯನವರು ಹೊಸ್ತಿಲಲ್ಲೇ ನಿಂತರು. ಇವರಿಗೆಲ್ಲ ಗೊತ್ತಾಗಿದೆ! ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು. ಜೇಬಿನಿಂದ ಇಣುಕುತ್ತಿದ್ದ ಕೆಂಪು ಡಬ್ಬಿಯನ್ನು ಗಂಗಲಕ್ಷ್ಮಮ್ಮ ಕಂಡೇಬಿಟ್ಟರು. “ಮೊದ್ಲು ದೇವ್ರ ಮುಂದೆ ಇಡ್ಬೇಕು” ಎಂದು ಅದನ್ನು ಸರಕ್ಕನೆ ಎಳೆದುಕೊಂಡು, ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಮುಂದಿಟ್ಟು ಕುಂಕುಮ ಹಚ್ಚಿದರು. ಹಿಂದೆ ಓಡಹೊರಟ ತಮ್ಮನನ್ನು ನರಸಮ್ಮ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಶಿವಮೂರ್ತಿ ರಸ್ತೆಯ ಕಡೆ ನೋಡುತ್ತಾ, “ಭಾವ, ನಮ್ದು ಹಿಂದಿನ ಗಾಡಿಲಿ ಬರ್ತಾ ಇದೆಯಾ?” ಎಂದ.

ಅಷ್ಟರಲ್ಲಿ ಮಹಡಿ ಮೆಟ್ಟಿಲಿನಿಂದ ರವಿಕಿರಣ್ ಇಳಿದು ಬಂದ. ಹಿಂದೆ ತಲೆ ತಗ್ಗಿಸಿಕೊಂಡು ನೇತ್ರಾವತಿ. ಗುರುವಾರ ಗ್ರೂಪಿನಲ್ಲಿ ‘ಮೇಲಿಂದು ಕೆಳಗಿಂದು’ ಎಂದು ಓದಿದಾಗಿನಿಂದ ಅವನಿಗೆ ಅನ್ನ ಸೇರಿರಲಿಲ್ಲ. ಬಂದವನೇ ಅಪ್ಪನ ಕಾಲಿಗೆ ಬಿದ್ದ. “ಕ್ಷಮಿಸಿ ಅಪ್ಪ. ನಾವೇ ಹೇಳೋಣ ಅಂತಿದ್ವಿ. ಒಂದು ವರ್ಷದಿಂದ ತಾರಸೀಲಿ ಮಾತಾಡ್ತಾ ಇದ್ವಿ, ನಿಮಗೆ ಹೆಂಗೆ ಗೊತ್ತಾಯ್ತೋ ನಮಗೆ ಗೊತ್ತಿಲ್ಲ.”

ಸಿದ್ದಗಂಗಯ್ಯನವರಿಗೆ ಗೊತ್ತಾದದ್ದೇ ಆ ಕ್ಷಣದಲ್ಲಿ. ತಾರಸಿಯ ಸಿಗ್ನಲ್ ಎಂಥದ್ದೆಂದು ಆಗ ಅರ್ಥವಾಯಿತು. ಕೋಪ ಮಾಡಿಕೊಳ್ಳೋಣವೆಂದರೆ ಬರಲಿಲ್ಲ, ಏಕೆಂದರೆ ಹುಡುಗಿ ಅವರಿಗೆ ಮೊದಲಿನಿಂದಲೂ ಇಷ್ಟ. ಇಂಗ್ಲಿಷು ತಪ್ಪಿಲ್ಲದೆ ಮಾತಾಡುತ್ತಿದ್ದಳು.

“ಕ್ಷಮಿಸೋದೇನ್ಲಾ, ನಿಮ್ಮಪ್ಪನೇ ಸೆಟ್ ಮಾಡವ್ನೆ” ಎಂದರು ನರಸಮ್ಮ.

“ಏನು, ಇವ್ರಿಬ್ರೂ ಸೆಟ್ಟಾ? ಹಂಗಾದ್ರೆ ನಮ್ಮುಡುಗಿ ಸೆಟ್ ಪಾಸಾಗ್ಲಿಲ್ವಾ?” ಎಂದು ಶಕುಂತಲಮ್ಮ ಪಾಯಸದ ಪಾತ್ರೆ ಕೆಳಗಿಟ್ಟರು.

“ಪಾಸೋ ಫೇಲೋ, ನಮ್ಮ ಸೆಟ್ ಎಲ್ಲಿ ಇಳಿಸ್ಬೇಕು ಅಂತ ಹೇಳಿ” ಎಂದ ಚಿಕ್ಕಮಾರಯ್ಯ ಬಾಗಿಲಿಂದ.

ಈ ಗದ್ದಲದ ನಡುವೆ ಗಂಗಲಕ್ಷ್ಮಮ್ಮನವರು ದೇವರ ಗೂಡಿನಿಂದ ಈ ಕಡೆ ತಿರುಗಿದರು. ಮಗನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು, ದೇವರ ಮುಂದಿನ ಕೆಂಪು ಡಬ್ಬಿ ನೋಡಿದರು. ಮೂವತ್ತೈದು ವರ್ಷ ಕಾದ ಹೆಂಗಸು ಅದನ್ನು ತೆರೆದೂ ನೋಡದೆ ಎಲೆ ಅಡಿಕೆ ತಟ್ಟೆಯಲ್ಲಿಟ್ಟು ನೇತ್ರಾವತಿಯ ಕೈಗೆ ಕೊಟ್ಟರು. “ತಗೊಳಮ್ಮ. ನಾನು ಹಾಕ್ಕೊಂಡ್ರೇನು, ನೀನು ಹಾಕ್ಕೊಂಡ್ರೇನು.”

“ಬ್ಯಾಡಾ! ಅದು ಕೊಡಬ್ಯಾಡಾ!” ಸಿದ್ದಗಂಗಯ್ಯನವರು ಕುರ್ಚಿಯಿಂದ ಜಿಗಿದರು.

ಶಕುಂತಲಮ್ಮನ ಮುಖ ಬಾಡಿತು. ರವಿಕಿರಣ್ ಗೋಡೆಗೆ ಒರಗಿದ. ನೇತ್ರಾವತಿಯ ಕಣ್ಣಲ್ಲಿ ನೀರು ತುಂಬಿತು.

“ಯಾಕ್ಲಾ ಬ್ಯಾಡ? ಹುಡುಗಿಗೇನಾಗಿದೆ?” ನರಸಮ್ಮ ಸೊಂಟಕ್ಕೆ ಕೈಯಿಟ್ಟರು. “ಮಾತಾಡು. ಬಾಯ್ ಬಿಡ್ಲಾ!”

ಮಾಡಬಾರದ ಕೆಲಸ ಅದೊಂದೇ ಇತ್ತು. ಬಾಯಿ ಬಿಟ್ಟರೆ ಹಲ್ಲಿನ ಮಾನ ಹೋಗುತ್ತದೆ, ಬಿಡದಿದ್ದರೆ ಹುಡುಗಿಯ ಮಾನ ಹೋಗುತ್ತದೆ. ಮಗಳ ಹಾಗಿದ್ದ ಹುಡುಗಿ ಅಳುತ್ತಿದ್ದಾಳೆ, ತಮ್ಮ ಒಣಜಂಬದಿಂದ ಅಳುತ್ತಿದ್ದಾಳೆ ಎಂದು ಸಿದ್ದಗಂಗಯ್ಯನವರಿಗೆ ನಾಚಿಕೆಯಾಯಿತು. ಮಾಸ್ಕ್ ಕಿತ್ತೆಸೆಯಲು ಕೈ ಎತ್ತಿದರು.

ಅಷ್ಟರಲ್ಲಿ ನೇತ್ರಾವತಿ, ವಾಪಸು ಕೊಡುವ ಮುಂಚೆ, ಬೇಡವೆನ್ನುವಂಥದ್ದು ಏನಿದೆ ಎಂದು ಡಬ್ಬಿಯ ಮುಚ್ಚಳ ಎತ್ತಿದಳು. ಒಳಗೆ ಕೆಂಪು ಮಕಮಲ್ಲಿನ ಮೇಲೆ ಮೇಲಿಂದು, ಕೆಳಗಿಂದು ಎರಡೂ ಅವಳನ್ನು ನೋಡಿ ನಗುತ್ತಿದ್ದವು. ಅವಳು ಒಮ್ಮೆ ಡಬ್ಬಿ ನೋಡಿದಳು, ಒಮ್ಮೆ ಮಾಸ್ಕ್ ನೋಡಿದಳು. ದಿನಾ ಬೆಳಗ್ಗೆ ಬಚ್ಚಲುಮನೆಯಿಂದ ಕೇಳುತ್ತಿದ್ದ ಶೆಟ್ಟರು ಯಾರೆಂದು ಅವಳಿಗೆ ತಿಳಿಯಿತು. ಥಟ್ಟನೆ ಮುಚ್ಚಳ ಹಾಕಿ, ಯಾರಿಗೂ ಕಾಣದಂತೆ ಸೆರಗಿನಲ್ಲಿ ಮರೆ ಮಾಡಿಕೊಂಡು ಹತ್ತಿರ ಬಂದಳು.

“ಮಾವ,” ಎಂದಳು ಮೆಲ್ಲಗೆ. ಅಲ್ಲಿಯ ತನಕ ಸಾರ್ ಎನ್ನುತ್ತಿದ್ದವಳು. “ಇದು ನಿಮ್ದು. ನಾಳೆ ಚೇಳೂರಿಗೆ ಬೇಕಲ್ವಾ?”

ಸಿದ್ದಗಂಗಯ್ಯನವರು ಡಬ್ಬಿಯಲ್ಲಿದ್ದುದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಎರಡು ಸಲ ಟಕ್ ಟಕ್ ಎಂದು ಸದ್ದಾಯಿತು. ಮಾಸ್ಕ್ ತೆಗೆದು ಈ ಕಡೆ ತಿರುಗಿದರು. ಸಕಾರ ಇದೆಯೋ ಇಲ್ಲವೋ ಎಂದು ನೋಡಲು, ಎಂದಿನ ಅಭ್ಯಾಸದಂತೆ, ಗಟ್ಟಿಯಾಗಿ ಒಂದೇ ಮಾತು ಹೇಳಿದರು.

“ಸೆಟ್!”

“ಒಪ್ಪಿದಾ! ಬಾಯ್ತುಂಬಾ ಒಪ್ಪಿದಾ!” ಎಂದು ನರಸಮ್ಮ ಹೂವಿನ ದಂಡೆ ಎತ್ತಿ ಹುಡುಗಿಯ ಮುಡಿಗೆ ಸಿಕ್ಕಿಸಿಯೇಬಿಟ್ಟರು. ಶಕುಂತಲಮ್ಮ ಪಾಯಸದ ಪಾತ್ರೆಯನ್ನು ಮತ್ತೆ ಎತ್ತಿಕೊಂಡರು. ಪರೀಕ್ಷೆಗೆ ಮಾಡಿದ ಪಾಯಸ ಮದುವೆಗೂ ನಡೆಯುತ್ತದೆ.

ಗಂಗಲಕ್ಷ್ಮಮ್ಮ ಮಾತ್ರ ಗಂಡನ ಬಾಯನ್ನೇ ನೋಡುತ್ತಿದ್ದರು. “ಏನ್ರೀ, ನಿಮ್ಮ ಮುಂದಿನ ಸೊಟ್ಟ ಹಲ್ಲೆಲ್ಲಿ? ಇಷ್ಟು ನೆಟ್ಟಗೆ ಹೆಂಗಾಯ್ತು?” ಎಂದವರು, ಸೊಸೆಯ ಕೈಯಲ್ಲಿದ್ದ ಖಾಲಿ ಡಬ್ಬಿ ಕಂಡು, ಫೋನು ತೆಗೆದು ಗುರುವಾರದ ಮೆಸೇಜನ್ನು ಗಟ್ಟಿಯಾಗಿ ಓದಿದರು. ಮೇಲಿಂದು, ಕೆಳಗಿಂದು, ಕೂರಿಸಿ ನೋಡೋಣ. ಒಬ್ಬೊಬ್ಬರಿಗೂ ಒಂದೊಂದು ಗಳಿಗೆಯಲ್ಲಿ ಅರ್ಥವಾಗುತ್ತಾ ಬಂತು. ಕೊನೆಗೆ ಅರ್ಥವಾದವನು ಶಿವಮೂರ್ತಿ. ಅವನು ಜಗಲಿಯಿಂದ ನಿಧಾನವಾಗಿ ಒಳಗೆ ಬಂದು, ಐದು ವರ್ಷದ ಬಾಕಿಯನ್ನೆಲ್ಲ ದನಿಯಲ್ಲಿ ತುಂಬಿಕೊಂಡು ಕೇಳಿದ: “ಭಾವ, ಖಾತೆ ಯಾರ ಹೆಸರಲ್ಲಿದೆ?”

ಚಿಕ್ಕಮಾರಯ್ಯ ಪಾಯಸ ಕುಡಿದು ಖಾಲಿ ಲಗೇಜ್ ಆಟೋದಲ್ಲಿ ಊರಿಗೆ ಹೋದ.

ಭಾನುವಾರ ಎಲ್ಲರೂ ಚೇಳೂರಿಗೆ ಹೋದರು. ಹಾರ ಬಿತ್ತು, ಶಾಲು ಬಿತ್ತು. ಸಿದ್ದಗಂಗಯ್ಯನವರು ಮೂರಕ್ಕೆ ಶುರು ಮಾಡಿ ಐದರ ತನಕ ಎಳೆದರು. ಸೂರ್ಯ ಮುಳುಗಿದ, ಮೂಳೆ ಕೂಡಿತು, ಇಲಿ ಬೋನಿಗೆ ಬಿತ್ತು, ಮೊಸರು ಹೆಪ್ಪಾಯಿತು. ಒಂದು ಸಕಾರವೂ ಜಾರಲಿಲ್ಲ. ತಲೆ ನರೆತ ಹುಡುಗರು ಒಂಬತ್ತನೇ ಕ್ಲಾಸಿನ ಹಾಗೆ ಬೆಂಚು ಕುಟ್ಟಿದರು. ಮುತ್ತುರಾಜ್ ಮೈಕು ಹಿಡಿದು, “ಸಾರ್, ಇನ್ನು ಯಾವ ಅರ್ಥನೂ ಉಳಿದಿಲ್ಲ ತಾನೇ?” ಎಂದ.

ಸಿದ್ದಗಂಗಯ್ಯನವರು ಮುಂದಿನ ಸಾಲು ನೋಡಿದರು. ಶಿವಮೂರ್ತಿ ಕೈಕಟ್ಟಿ ಕೂತು ಮೀಸೆಯಡಿಯಲ್ಲಿ ನಗುತ್ತಿದ್ದ. ಪಕ್ಕದಲ್ಲಿ ನೇತ್ರಾವತಿ, ಈ ಗುಟ್ಟು ನಮ್ಮ ಮನೆಯಲ್ಲೇ ಇರುತ್ತದೆ ಎನ್ನುವಂತೆ ತಲೆಯಾಡಿಸಿದಳು. ಮೇಷ್ಟರಿಗೆ ಎರಡು ತಿಂಗಳು ಮಾಸ್ಕಿನೊಳಗೆ ಬೆವರಿದ್ದು ನೆನಪಾಯಿತು. ಸಾಕಪ್ಪ ಸಾಕು ಎನಿಸಿತು. “ಒಂದು ಉಳಿದಿದೆ” ಎಂದು ಬಾಯಿಗೆ ಕೈ ಹಾಕಿ, ಮೇಲಿಂದು ಕೆಳಗಿಂದು ಎರಡನ್ನೂ ತೆಗೆದು ಮುನ್ನೂರು ಜನಕ್ಕೂ ಕಾಣುವಂತೆ ಎತ್ತಿ ಹಿಡಿದು ಕೂಗಿದರು.

“ಶೆಟ್!”

ಹೈಸ್ಕೂಲಿನ ಹೆಂಚು ಹಾರುವಷ್ಟು ನಗೆ ಎದ್ದಿತು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ಶಿವಮೂರ್ತಿ. ನಗು ನಿಂತ ಮೇಲೆ ಗಂಗಲಕ್ಷ್ಮಮ್ಮನವರು ಹೈಸ್ಕೂಲು ಹುಡುಗಿಯ ಹಾಗೆ ಬೆರಳೆತ್ತಿ ಎದ್ದರು.

“ಮೇಷ್ಟ್ರೇ, ಇನ್ನೂ ಒಂದು ಅರ್ಥ ಬಿಟ್ಬುಟ್ರಿ” ಎಂದು ತಮ್ಮ ಕತ್ತು, ಕಿವಿ ಎರಡನ್ನೂ ಮುಟ್ಟಿ ತೋರಿಸಿದರು.

ಸಿದ್ದಗಂಗಯ್ಯನವರು ಹಲ್ಲನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. “ಅದು ಶಿಲಬಶ್ಶಲ್ಲಿ ಇಲ್ಲ ಕಣೇ” ಎಂದರು.